ಪ್ರಬಂಧ ಯಾವ ಬಾಗಿಲಿಗೆ?



ಸಂಶೋಧನೆಯಲ್ಲಿ ತೊಡಗಿರುವ ಕೆಲವು ತರುಣ ತರುಣಿಯರು ಈ ಸಭೆಯಲ್ಲಿದ್ದಾರೆಂದು ತಿಳಿದು, ಅವರನ್ನು ಕಾಡುವ ಒಂದು ಪ್ರಶ್ನೆಯನ್ನೇ ಇಂದು ಎತ್ತಿಕೊಂಡಿದ್ದೇನೆ. ಪ್ರಬಂಧವೇನೋ ಸಿದ್ಧವಾಗಿದೆ, ಸಮ್ಮೇಳನದ ಯಾವ ವಿಭಾಗಕ್ಕೆ ಅದನ್ನು ಕಳುಹಿಸಬೇಕು?

ಉದಾಹರಣೆಗಾಗಿ ದೂರ ಹೋಗಬೇಕಾಗಿಲ್ಲ. 2014ರ ಅಕ್ಟೋಬರ್ 25ರಿಂದ 29ರವರೆಗೆ ಇದೇ ದೋಹಾ ನಗರದಲ್ಲಿ ಇಎಂಎನ್‌ಎಲ್‌ಪಿ ಸಮ್ಮೇಳನ ನಡೆಯಿತು. ಮನುಷ್ಯರ ಭಾಷೆಯನ್ನು ಗಣಕಯಂತ್ರಕ್ಕೆ ಕಲಿಸುವ ಶಾಸ್ತ್ರದಲ್ಲಿ ಅದು ಅಗ್ರಪಂಕ್ತಿಯದು. ಮುಖ್ಯ ಸಮ್ಮೇಳನಕ್ಕೆ ಹೊಂದಿಕೊಂಡು ಹಲವು ಕಾರ್ಯಾಗಾರಗಳೂ ಇದ್ದವು. ಮಾಂಟ್ರಿಯಲ್ ವಿಶ್ವವಿದ್ಯಾಲಯದ ಕ್ಯುಂಗ್‌ಹ್ಯುನ್ ಚೊ ಮತ್ತು ಸಹೋದ್ಯೋಗಿಗಳು ನರಜಾಲದ ಮೂಲಕ ಭಾಷಾಂತರಿಸುವುದನ್ನು ಕುರಿತು ಇಲ್ಲಿ ಎರಡು ಪ್ರಬಂಧಗಳನ್ನು ಮಂಡಿಸಿದರು. ಹೊಸ ವಿಧಾನವನ್ನು ನಿರೂಪಿಸಿದ್ದು ಮುಖ್ಯ ಸಮ್ಮೇಳನಕ್ಕೆ ಹೋಯಿತು. ವಾಕ್ಯ ಉದ್ದವಾದಂತೆ, ಅಪರಿಚಿತ ಪದಗಳು ಹೆಚ್ಚಿದಂತೆ ಅಂಥ ಭಾಷಾಂತರ ಹೇಗೆ ಕೆಡುತ್ತದೆಂದು ಪರೀಕ್ಷಿಸಿದ್ದು, ಭಾಷಾಂತರದ ಒಳಹೊರಗು ಬಲ್ಲವರೇ ಸೇರುವ ಒಂದು ಕಾರ್ಯಾಗಾರಕ್ಕೆ ಹೋಯಿತು. ಇಂದಿಗೂ ವಿದ್ವಾಂಸರು ಎರಡನ್ನೂ ಉಲ್ಲೇಖಿಸುತ್ತಾರೆ.

ಇದನ್ನು ಹೇಳಲು ನನಗೆ ಸ್ವಂತ ಕಾರಣವಿದೆ. ಕೆಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿನಿಯೊಬ್ಬಳು ಕನ್ನಡದ ವಿಭಕ್ತಿ ಪ್ರತ್ಯಯಗಳನ್ನು ಯಂತ್ರ ಬಿಡಿಸಿ ಓದುವ ಬಗೆಯನ್ನು ಕುರಿತು ಒಳ್ಳೆಯ ಕೆಲಸ ಮಾಡಿದಳು. ಹೆಸರಿನ ಮೋಹಕ್ಕೆ ಬಿದ್ದು, ದೊಡ್ಡ ಸಮ್ಮೇಳನವೊಂದರ ಯಂತ್ರಕಲಿಕೆಯ ವಿಭಾಗಕ್ಕೆ ಅದನ್ನು ಕಳುಹಿಸಿಸಿದವನು ನಾನು. ‘ಇಂಗ್ಲಿಷಿನಲ್ಲಿ ಏಕೆ ಪ್ರಯೋಗಿಸಲಿಲ್ಲ?’ ಎಂಬ ಪ್ರಶ್ನೆಯೊಡನೆ ಪ್ರಬಂಧ ಹಿಂದಿರುಗಿತು. ಅದೇ ಸಮ್ಮೇಳನದಲ್ಲಿ ಪದರಚನೆಗೆಂದೇ ಮತ್ತೊಂದು ವಿಭಾಗವಿತ್ತು! ಮುಂದಿನ ಅವಕಾಶ ಬರುವಷ್ಟರಲ್ಲಿ ಒಂದು ವರ್ಷ ಕಳೆಯಿತು, ಅವಳ ವಿದ್ಯಾರ್ಥಿವೇತನವೂ ಮುಗಿಯಿತು. ವಿಮರ್ಶಕರನ್ನು ನಾನು ದೂರುವುದಿಲ್ಲ. ಲೇಖಕರ ಹೆಸರು ತಿಳಿಯದೆ, ತಮ್ಮ ಪಾಲಿಗೆ ಬಂದುದನ್ನು ತಮಗೆ ತಿಳಿದ ಅಳತೆಗೋಲಿನಿಂದ ಅವರು ಅಳೆಯುತ್ತಾರೆ. ಆ ಅಳತೆಗೋಲನ್ನು ಆರಿಸುವವರು ನಾವು.

ಆದ್ದರಿಂದ ನೀವು ಕಳುಹಿಸಬೇಕೆಂದಿರುವ ವಿಭಾಗದಲ್ಲಿ ಹಿಂದಿನ ಎರಡು ಮೂರು ವರ್ಷ ಸ್ವೀಕೃತವಾದ ಪ್ರಬಂಧಗಳನ್ನು ಮೊದಲು ಓದಿರಿ. ನೀವು ಉಲ್ಲೇಖಿಸಿರುವ ಲೇಖಕರು ಅಲ್ಲಿ ಕಾಣಿಸದಿದ್ದರೆ, ಅದು ನಿಮ್ಮ ಬಾಗಿಲಲ್ಲ. ನೇಮಕಾತಿಯ ಸಂದರ್ಶನಗಳಲ್ಲಿ ಕಾರ್ಯಾಗಾರದ ಪ್ರಬಂಧಕ್ಕೆ ಕಡಿಮೆ ಬೆಲೆ ಕಟ್ಟುವವರಿದ್ದಾರೆ, ನಿಜ. ಆ ಲೆಕ್ಕವನ್ನೂ ಹಾಕಿಕೊಳ್ಳಿ. ಒಂದೇ ಪ್ರಬಂಧವನ್ನು ಎರಡು ಕಡೆಗೆ ಗುಟ್ಟಾಗಿ ಕಳುಹಿಸುವ ಯೋಚನೆ ಮಾತ್ರ ಬೇಡ.

ಇನ್ನೊಂದು ಸಂಗತಿ. ದೋಹಾದ ಆ ಸಮ್ಮೇಳನದಲ್ಲಿಯೇ ಭಾಷಾಮಿಶ್ರಣವನ್ನು ಕುರಿತ ಮೊದಲ ಕಾರ್ಯಾಗಾರವೂ ನಡೆಯಿತು. ಭಾಷಾಮಿಶ್ರಣವೆಂದರೇನೆಂದು ನಮ್ಮ ಮನೆಯ ಮಕ್ಕಳ ಮಾತು ಕೇಳಿದವರಿಗೆ ವಿವರಿಸಬೇಕಾಗಿಲ್ಲ. ಅಲ್ಲಿ ಏರ್ಪಡಿಸಿದ್ದ ಸ್ಪರ್ಧೆಯಲ್ಲಿ ಇಂಗ್ಲಿಷಿನೊಡನೆ ಬೆರೆತ ಸ್ಪ್ಯಾನಿಷ್, ಮ್ಯಾಂಡರಿನ್, ನೇಪಾಳಿಗಳಿದ್ದವು, ಗ್ರಾಂಥಿಕ ಅರಬ್ಬಿ ಹಾಗೂ ಆಡುನುಡಿಯ ಅರಬ್ಬಿ ಇದ್ದವು, ಕನ್ನಡವಿರಲಿಲ್ಲ. 2021ರಲ್ಲಿ ಇಎಸಿಎಲ್ ಸಮ್ಮೇಳನದೊಡನೆ ದ್ರಾವಿಡ ಭಾಷೆಗಳಿಗೆಂದೇ ಮೊದಲ ಕಾರ್ಯಾಗಾರ ನಡೆದಾಗ, ಕನ್ನಡ–ಇಂಗ್ಲಿಷ್ ಬೆರಕೆಯ ಬರಹದಲ್ಲಿ ನಿಂದನೆಯನ್ನು ಗುರುತಿಸುವ ಸ್ಪರ್ಧೆ ಅಲ್ಲಿತ್ತು. ಬೈಗುಳದ ಮೂಲಕವಾದರೂ ಕನ್ನಡಕ್ಕೆ ಪ್ರವೇಶ ದೊರೆಯಿತೆಂದು ನಾನು ಸಂತೋಷಪಟ್ಟೆ. ನನ್ನ ವಿದ್ಯಾರ್ಥಿನಿಯ ಕಾಲಕ್ಕೆ ಆ ಬಾಗಿಲು ಇರಲಿಲ್ಲ.

ನಿಮ್ಮಲ್ಲಿ ಯಾರ ಬಳಿಯಾದರೂ ಕರಡು ಪ್ರತಿಯಿದ್ದರೆ ಚಹಾದ ವೇಳೆಯಲ್ಲಿ ತೋರಿಸಿರಿ. ಶೀರ್ಷಿಕೆಗಿಂತ ಮೊದಲು ಉಲ್ಲೇಖಗಳ ಪಟ್ಟಿಯನ್ನು ನೋಡುತ್ತೇನೆ.