ತಲೆಯೊಳಗಿನ ನೀರಿಗೊಂದು ಕೊಳವೆ
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಈ ಹೊತ್ತು ನಾವು ಪಗಾರ, ಬೋನಸ್ಸುಗಳ ಮಾತನ್ನು ಬದಿಗಿಟ್ಟು ಒಂದು ರೋಗದ ವಿಚಾರ ಹೇಳಲು ನಿಂತಿದ್ದೇವೆ. ಅದಕ್ಕೆ ಕಾರಣವಿದೆ. ಹೋಟೆಲಿನ ಭಟ್ಟಿಯ ಮುಂದೆ ನಮ್ಮೊಡನೆ ನಿಲ್ಲುವ ಗೆಳೆಯರೊಬ್ಬರ ಮಗುವಿಗೆ ಮೂರು ತಿಂಗಳಾಗಿದ್ದಾಗ ಶಸ್ತ್ರಕ್ರಿಯೆ ಮಾಡಿ ತಲೆಯಿಂದ ಹೊಟ್ಟೆಗೆ ಕೊಳವೆ ಇಟ್ಟಿದ್ದರು. ಮಗು ಗೆಲುವಾಯಿತು, ತಾಯಿ ಮಗು ಊರಿಗೆ ಹೋದರು. ಎರಡು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಮಗು ವಾಂತಿ ಮಾಡಿಕೊಂಡಿತು. ಹೊಟ್ಟೆ ಕೆಟ್ಟಿದೆಯೆಂದು ಒಬ್ಬರು ಓಮದ ಕಷಾಯ ಕುಡಿಸಿದರು, ಇನ್ನೊಬ್ಬರು ದೃಷ್ಟಿ ತೆಗೆದರು. ಮಂಪರಿನಲ್ಲಿ ಬಿದ್ದ ಮಗುವನ್ನು ಕಂಡು “ಪಾಪ, ನಿದ್ದೆ ಬಂತು, ಮಲಗಲಿ” ಎಂದರು. ಮೂರನೆಯ ದಿನ ಆಸ್ಪತ್ರೆಗೆ ಒಯ್ದಾಗ ಕೊಳವೆ ಕಟ್ಟಿಕೊಂಡಿದೆಯೆಂದು ತಿಳಿಯಿತು. ಪ್ರಾಣ ಉಳಿಯಿತು, ಕಣ್ಣು ಪೂರ್ತಿ ಉಳಿಯಲಿಲ್ಲ. ಆ ಮನೆಯವರನ್ನು ದೂರಿ ಫಲವಿಲ್ಲ. ಹಾಕಿದ ಕೊಳವೆ ಕಟ್ಟಬಹುದೆಂಬುದು ಅವರಿಗೆ ಮನದಟ್ಟಾಗಿರಲಿಲ್ಲ, ಅಷ್ಟೇ. ನಮಗಾದರೂ ಎಲ್ಲಿ ಗೊತ್ತಿತ್ತು?

ಮಿದುಳಿನ ಒಳಗೆ ಕೆಲವು ಪೊಳ್ಳು ಕೋಣೆಗಳಿವೆ. ಅಲ್ಲಿ ತಿಳಿಯಾದ ನೀರೊಂದು ಹಗಲೂ ರಾತ್ರಿ ಹುಟ್ಟುತ್ತಿರುತ್ತದೆ. ದೊಡ್ಡವರಲ್ಲಿ ಇದು ದಿನಕ್ಕೆ ಸುಮಾರು 500 ಮಿಲಿಲೀಟರು. ಆದರೆ ಒಂದು ಹೊತ್ತಿಗೆ ಒಳಗಿರತಕ್ಕದ್ದು 150ರ ಆಸುಪಾಸು. ಉಳಿದುದು ಹರಿದು ಹೋಗಿ ರಕ್ತಕ್ಕೆ ಸೇರುತ್ತದೆ. ದಾರಿ ಎಲ್ಲಾದರೂ ಕಟ್ಟಿದರೆ? ನಳ ನಿಲ್ಲದೆ ಸುರಿಯುತ್ತಿರುವಾಗ ಮೋರಿಗೆ ಅನ್ನ ಸಿಕ್ಕಿಕೊಂಡರೆ ಏನಾಗುತ್ತದೆಂದು ಪಾತ್ರೆ ತೊಳೆದವರಿಗೆ ನಾವು ಹೇಳಬೇಕಾಗಿಲ್ಲ. ಕೂಸಿನ ತಲೆಬುರುಡೆ ಇನ್ನೂ ಬೆಸೆದಿರುವುದಿಲ್ಲವಾದ್ದರಿಂದ ತಲೆ ಊದುತ್ತದೆ, ನೆತ್ತಿ ಉಬ್ಬುತ್ತದೆ, ಕಣ್ಣುಗುಡ್ಡೆ ಕೆಳಕ್ಕೆ ಇಳಿಯುತ್ತದೆ. ಇದಕ್ಕೆ ಹೈಡ್ರೋಕೆಫಲಸ್ ಎನ್ನುತ್ತಾರೆ. ಕೆಲವರಿಗೆ ಹುಟ್ಟಿನಿಂದ; ದಿನ ತುಂಬದೆ ಹುಟ್ಟಿದ ಕೆಲವು ಕೂಸುಗಳಿಗೆ ತಲೆಯೊಳಗೆ ರಕ್ತಸ್ರಾವವಾಗಿ; ಮತ್ತೆ ಕೆಲವರಿಗೆ ಮಿದುಳಿನ ಪೊರೆಗೆ ಕ್ಷಯ ತಗಲಿ. ಒಂದೇ ಖೋಲಿಯಲ್ಲಿ ಹತ್ತು ಜನ ಮಲಗುವ ನಮ್ಮವರು ಈ ಕಡೆಯ ಮಾತನ್ನು ನೆನಪಿಡಬೇಕು.

ಉಪಾಯವೆಂದರೆ ನೀರಿಗೆ ಬೇರೆ ದಾರಿ ಮಾಡುವುದು. ಅದೇ ಶಂಟ್. ಈಗ ಬಹುಮಟ್ಟಿಗೆ ಚರ್ಮದ ಅಡಿಯಲ್ಲಿ, ಕಿವಿಯ ಹಿಂದಿನಿಂದ ಹಾಯಿಸಿ ಹೊಟ್ಟೆಯ ಪೊರೆಯೊಳಗೆ ಬಿಡುತ್ತಾರೆ. ಕೆಲವರಿಗೆ ಕೊಳವೆಯಿಲ್ಲದೆ, ಒಳಗೇ ಒಂದು ಕಿಂಡಿ ತೆರೆದರೂ ಸಾಕಾಗುತ್ತದೆ. ಅದನ್ನು ವೈದ್ಯರೇ ನಿರ್ಣಯಿಸಬೇಕು.

ಈ ಕೊಳವೆಯ ಚರಿತ್ರೆಯಲ್ಲಿ ನಮ್ಮಂಥ ಕೈಕೆಲಸದವನೊಬ್ಬನಿದ್ದಾನೆ. ಅಮೇರಿಕೆಯ ಜಾನ್ ಹೋಲ್ಟರ್ ಬೀಗದ ಕಾರ್ಖಾನೆಯಲ್ಲಿ ಯಂತ್ರಗೆಲಸ ಮಾಡುತ್ತಿದ್ದವನು. 1955ರಲ್ಲಿ ಹುಟ್ಟಿದ ಅವನ ಮಗ ಕೇಸಿಗೆ ಬೆನ್ನುಹುರಿ ಮುಚ್ಚಿರಲಿಲ್ಲ. ತಲೆಯಲ್ಲಿ ನೀರೂ ತುಂಬಿತು. ಆಗ ಫಿಲಡೆಲ್ಫಿಯಾದಲ್ಲಿ ಡಾಕ್ಟರ್ ಯೂಜೀನ್ ಸ್ಪಿಟ್ಜ್ ಈ ನೀರನ್ನು ಹೃದಯದ ಬಳಿಯ ರಕ್ತನಾಳಕ್ಕೆ ಇಳಿಸಲು ಹೆಣಗುತ್ತಿದ್ದರು. ನೀರು ಕೆಳಗಿಳಿಯಬೇಕು, ರಕ್ತ ಮೇಲೇರಕೂಡದು. ಅಂಥ ನಂಬುವ ವಾಲ್ವು ಸಿಕ್ಕಿರಲಿಲ್ಲ. ನರ್ಸು ರಬ್ಬರು ನಳಿಕೆಗೆ ಸೂಜಿ ಚುಚ್ಚಿ ತೆಗೆದರೂ ತೂತು ಸೋರದೆ ಮುಚ್ಚಿಕೊಳ್ಳುವುದನ್ನು ಹೋಲ್ಟರ್ ಕಂಡ. ಸೀಳಿರುವ ವಾಲ್ವು ಮಾಡಿದರೆ ಒತ್ತಡ ಬಂದಾಗ ತೆರೆದು, ಇಳಿದಾಗ ಮುಚ್ಚೀತೆಂದು ಲೆಕ್ಕ ಹಾಕಿ, ಸಿಲಿಕೋನ್ ರಬ್ಬರಿನಲ್ಲಿ 1956ರ ಹೊತ್ತಿಗೆ ಮಾಡಿಯೂ ಬಿಟ್ಟ. ಅವನ ಮಗು ಬಹುಕಾಲ ಬದುಕಲಿಲ್ಲ. ವಾಲ್ವಿನಿಂದ ಬದುಕಿದ ಮಕ್ಕಳು ಸಾವಿರಾರು.

ಅದೂ ಕಟ್ಟುತ್ತಿತ್ತು. 1960ರಲ್ಲಿ ನ್ಯೂಯಾರ್ಕಿನಲ್ಲಿ ಟ್ಯಾಕ್ಸಿ ಬಡಿದು ಗಾಯಗೊಂಡ ಕೂಸೊಂದರ ಶಂಟ್ ಮತ್ತೆ ಮತ್ತೆ ಕಟ್ಟಿದ್ದರಿಂದ ಅದರ ತಂದೆ, ಲೇಖಕ ರೋಆಲ್ಡ್ ಡಾಲ್, ಆಟದ ವಿಮಾನಕ್ಕೆ ಪುಟ್ಟ ಪಂಪು ಮಾಡುತ್ತಿದ್ದ ಸ್ಟ್ಯಾನ್ಲಿ ವೇಡ್‌ರನ್ನೂ ಲಂಡನ್ನಿನ ಡಾಕ್ಟರ್ ಟಿಲ್‌ರನ್ನೂ ಒಂದುಗೂಡಿಸಿ ಬೇರೊಂದು ವಾಲ್ವು ಮಾಡಿಸಿದ. ಅದರಿಂದ ಲಾಭ ತೆಗೆಯಬಾರದೆಂದು ಮೂವರೂ ಒಪ್ಪಿಕೊಂಡರು. ಇಂಥ ಮಾಲೀಕರು ನಮಗೆ ಸಿಕ್ಕುವುದು ಅಪರೂಪ!

ಇಂದಿಗೂ ಮಕ್ಕಳಿಗೆ ಹಾಕಿದ ಶಂಟುಗಳಲ್ಲಿ ಹತ್ತಕ್ಕೆ ಮೂರು ನಾಲ್ಕು ಮೊದಲ ವರ್ಷದಲ್ಲೇ ಕೈಕೊಡುತ್ತವೆ. ಮಿದುಳಿನೊಳಗಿನ ತುದಿಗೆ ಅಂಗಾಂಶ ಸುತ್ತಿಕೊಳ್ಳುತ್ತದೆ, ಜೋಡಣೆ ಕಳಚುತ್ತದೆ, ಮಗು ಬೆಳೆದು ಉದ್ದವಾದಾಗ ಕೊಳವೆ ಗಿಡ್ಡವಾಗುತ್ತದೆ. ನೀರು ಅತಿಯಾಗಿ ಬಸಿದರೆ ಮಿದುಳು ಕುಗ್ಗಿ ಅದರ ಸುತ್ತ ರಕ್ತ ಸೋರಬಹುದು. ಇನ್ನು ಸೋಂಕು: ಹೆಚ್ಚಾಗಿ ಚರ್ಮದ ಮೇಲಿನ ರೋಗಾಣುವೇ ಶಸ್ತ್ರಕ್ರಿಯೆಯ ಕಾಲದಲ್ಲಿ ಒಳಹೊಕ್ಕಿರುತ್ತದೆ, ಮೊದಲ ಕೆಲವು ತಿಂಗಳಲ್ಲಿ ತಲೆ ಎತ್ತುತ್ತದೆ. ಆಗ ಕೊಳವೆಯನ್ನೇ ತೆಗೆದು, ಔಷಧಿ ಕೊಟ್ಟು, ಹೊಸದನ್ನು ಹಾಕಬೇಕಾಗುತ್ತದೆ.

ಆದುದರಿಂದ ಶಂಟ್ ಇರುವ ಮಗುವಿಗೆ ವಾಂತಿ, ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಸುಮ್ಮನೆ ನಿಲ್ಲದ ಅಳು, ಫಿಟ್ಸು, ಹೊಸದಾಗಿ ಮೆಳ್ಳೆಗಣ್ಣು, ಕಾರಣ ತಿಳಿಯದ ಜ್ವರ, ಕೊಳವೆಯ ದಾರಿಯುದ್ದಕ್ಕೂ ಕೆಂಪು ಅಥವಾ ಬಾವು ಕಂಡರೆ ಅಂದೇ, ರಾತ್ರಿಯಾದರೆ ರಾತ್ರಿಯೇ, ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಒಯ್ಯತಕ್ಕದ್ದು. ಬೇರೆ ಕಾಯಿಲೆಯೇ ಆಗಿದ್ದರೆ ಒಳ್ಳೆಯದೇ ಆಯಿತು. ಒಂದು ದಿನದ ಪಗಾರ ಹೋಗುತ್ತದೆ. ನೆತ್ತಿ ಮುಚ್ಚಿದ ಮಗುವಿನ ತಲೆ ದೊಡ್ಡದಾಗುವುದಿಲ್ಲ, ಅದಕ್ಕಾಗಿ ಕಾಯಬೇಡಿ. ಕಿವಿಯ ಹಿಂದಿನ ಗಂಟನ್ನು ವೈದ್ಯರು ಹೇಳದೆ ಒತ್ತಬೇಡಿ.

ಖರ್ಚಿನ ಹೆದರಿಕೆ ಎಲ್ಲರಿಗೂ ಇದೆ. ಉತ್ತರಪ್ರದೇಶದ ಶಹಜಹಾನ್‌ಪುರದಲ್ಲಿ ತಯಾರಾಗುವ ಛಾಬ್ರಾ ಶಂಟ್ ಪರದೇಶದ್ದಕ್ಕಿಂತ ಬಹಳ ಅಗ್ಗ. ಉಗಾಂಡಾದಲ್ಲಿ 195 ಮಕ್ಕಳ ಮೇಲೆ ಎರಡನ್ನೂ ಹೋಲಿಸಿ ನೋಡಿ 2005ರಲ್ಲಿ ಪ್ರಕಟಿಸಿದ ವರದಿಯಂತೆ, ವರ್ಷದ ಕೊನೆಗೆ ಫಲದಲ್ಲಿ ಹೇಳಿಕೊಳ್ಳುವಂಥ ಭೇದವಿರಲಿಲ್ಲ. ಅಗ್ಗದ್ದು ಹಾಕಿದರೆಂದು ಮನಸ್ಸು ಸಣ್ಣದು ಮಾಡಿಕೊಳ್ಳಬೇಡಿ. ಪರೇಲಿನಲ್ಲಿ ಗಿರಣಿಗಳ ಭೋಂಗಾ ನಿಂತುಹೋದರೂ ಕೆ.ಇ.ಎಂ. ಮತ್ತು ವಾಡಿಯಾ ಮಕ್ಕಳ ಆಸ್ಪತ್ರೆಗಳು ನಿಂತಿಲ್ಲ. ಊರ ಕಡೆ ಬೆಂಗಳೂರಿನ ನಿಮ್ಹಾನ್ಸ್ ಇದೆ.

ಮದುವೆಯಾದ ತರುಣರಿಗೆ ಒಂದು ಮಾತು. ಕೇಸಿಗೆ ಇದ್ದಂಥ ಬೆನ್ನುಹುರಿಯ ದೋಷವನ್ನು ಫೋಲಿಕ್ ಆಮ್ಲದ ಗುಳಿಗೆ ಬಹುಮಟ್ಟಿಗೆ ತಡೆಯುತ್ತದೆ. ಬಸಿರು ನಿಲ್ಲುವ ಮೊದಲೇ ಶುರುಮಾಡಬೇಕು. ತಿಂಗಳು ತಪ್ಪಿದ ಮೇಲೆ ನುಂಗಿದರೆ ತಡವಾಗಿರಬಹುದು.

ನಮ್ಮ ಗೆಳೆಯರ ಮಗು ಈಗ ಶಾಲೆಗೆ ಹೋಗುತ್ತಿದೆ, ಮುಂದಿನ ಬೆಂಚಿನಲ್ಲಿ ಕೂರುತ್ತದೆ. ಶಂಟ್ ಯಾವಾಗ ಹಾಕಿದರು, ಯಾವ ಬದಿಗೆ, ಯಾವ ಆಸ್ಪತ್ರೆ ಎಂಬುದನ್ನು ಬರೆದ ಚೀಟಿಯೊಂದು ಮಗುವಿನ ಪಾಟಿಚೀಲದಲ್ಲಿ, ಒಂದು ಊರಿನ ಮನೆಯ ಗೋಡೆಯ ಮೇಲೆ, ಇನ್ನೊಂದು ತಂದೆಯ ಅಂಗಿಯ ಜೇಬಿನಲ್ಲಿದೆ. ಅಂಥ ಚೀಟಿ ಬರೆದುಕೊಡಲು ಸಂಘದ ಕಚೇರಿಯಲ್ಲಿ ನಾವು ಸಿದ್ಧರಿದ್ದೇವೆ. ಆಸ್ಪತ್ರೆಯ ಕಾಗದಗಳನ್ನು ತನ್ನಿ. ಈಗ ಯಾರಿಗಾದರೂ ಕೇಳುವುದಿದ್ದರೆ ಕೇಳಬಹುದು.