ಮೈದಾನ ಕಳೆದುಕೊಂಡ ತಂಡ

ಇಂಗ್ಲೆಂಡಿನ ವಾಯವ್ಯ ಭಾಗದ ಲ್ಯಾಂಕಾಷೈರ್ ಕೌಂಟಿಯಲ್ಲಿ ಪ್ರೆಸ್ಟನ್ ಎಂಬ ಊರಿದೆ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದ ಹೆಸರಾದ ಊರು. ಫುಟ್‌ಬಾಲ್ ಬಲ್ಲವರಿಗೆ ಇದು ಇನ್ನೊಂದು ಕಾರಣಕ್ಕೂ ಗೊತ್ತು. 1888–89ರಲ್ಲಿ ಇಂಗ್ಲಿಷ್ ಲೀಗ್ ಮೊಟ್ಟಮೊದಲ ಬಾರಿಗೆ ನಡೆದಾಗ ಒಂದೂ ಪಂದ್ಯ ಸೋಲದೆ ಪ್ರಶಸ್ತಿ ಗೆದ್ದ ಪ್ರೆಸ್ಟನ್ ನಾರ್ತ್ ಎಂಡ್ ಇದೇ ಊರಿನ ತಂಡ. ಆದರೆ ಇದೇ ಊರಿನಲ್ಲಿ ಹುಟ್ಟಿ, ದೇಶವನ್ನೆಲ್ಲ ಸುತ್ತಿ, ಎಂಟುನೂರಕ್ಕೂ ಹೆಚ್ಚು ಪಂದ್ಯಗಳನ್ನಾಡಿದ ಮತ್ತೊಂದು ತಂಡದ ಹೆಸರನ್ನು ಬಹುಕಾಲ ಯಾರೂ ಎತ್ತಲಿಲ್ಲ. ಅದು ಹೆಣ್ಣುಮಕ್ಕಳ ತಂಡ. ಹೆಸರು ಡಿಕ್ ಕೆರ್ ಲೇಡೀಸ್. ಇಂದಿನ ಮಾತು ಆ ತಂಡವನ್ನು ಕುರಿತು.

ಹೆಸರೇ ಸ್ವಲ್ಪ ವಿಚಿತ್ರವಾಗಿದೆಯಲ್ಲ? ಡಿಕ್ ಮತ್ತು ಕೆರ್ ಎಂಬ ಇಬ್ಬರು ಸ್ಕಾಟ್ಲೆಂಡಿನ ಉದ್ಯಮಿಗಳ ಹೆಸರಿನ ಕಂಪನಿಯದು. ಪ್ರೆಸ್ಟನ್ನಿನ ಸ್ಟ್ರ್ಯಾಂಡ್ ರಸ್ತೆಯಲ್ಲಿದ್ದ ಅದರ ಕಾರ್ಖಾನೆಯಲ್ಲಿ ಟ್ರಾಂ ಗಾಡಿಗಳೂ ರೈಲ್ವೆಗೆ ಬೇಕಾದ ಸಾಮಗ್ರಿಯೂ ತಯಾರಾಗುತ್ತಿದ್ದವು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಕಾರ್ಖಾನೆ ಟ್ರಾಂ ಬಿಟ್ಟು ಮದ್ದುಗುಂಡು ಮಾಡತೊಡಗಿತು. ಗಂಡಸರು ರಣರಂಗಕ್ಕೆ ಹೋದರು. ಅವರು ಬಿಟ್ಟುಹೋದ ಯಂತ್ರಗಳ ಮುಂದೆ ಹೆಂಗಸರು ಬಂದು ನಿಂತರು. ಬ್ರಿಟನ್ನಿನಾದ್ಯಂತ ಲಕ್ಷಾಂತರ ಹೆಂಗಸರು ಹೀಗೆ ಕಾರ್ಖಾನೆ ಸೇರಿದ ಕಾಲ ಅದು. ಕೆಲಸ ಕಷ್ಟದ್ದು, ಅಪಾಯದ್ದು. ಸ್ಫೋಟಕದ ರಾಸಾಯನಿಕ ತಗುಲಿ ಕೆಲವರ ಮೈಬಣ್ಣವೇ ಹಳದಿಯಾಗುತ್ತಿತ್ತು.

ಇಂಥ ಕಾರ್ಖಾನೆಗಳ ಅಂಗಳದಲ್ಲಿ ವಿರಾಮದ ಹೊತ್ತಿಗೆ ಚೆಂಡು ಉರುಳತೊಡಗಿತು. ಕೆಲಸಗಾರ್ತಿಯರ ಆರೋಗ್ಯಕ್ಕೂ ಉತ್ಸಾಹಕ್ಕೂ ಒಳ್ಳೆಯದೆಂದು ಮಾಲೀಕರೂ ಬೇಡವೆನ್ನಲಿಲ್ಲ. ಹೆಂಗಸರು ಫುಟ್‌ಬಾಲ್ ಆಡಿದ್ದು ಇದೇ ಮೊದಲೇನಲ್ಲ. 1895ರಲ್ಲಿಯೇ ಲಂಡನ್ನಿನಲ್ಲಿ ಬ್ರಿಟಿಷ್ ಲೇಡೀಸ್ ಫುಟ್‌ಬಾಲ್ ಕ್ಲಬ್ ಎಂಬುದು ಸಾರ್ವಜನಿಕ ಪಂದ್ಯ ಆಡಿಸಿತ್ತು. ಆಗ ನೋಡಲು ಬಂದವರು ಬಹುಪಾಲು ನಗಲು ಬಂದವರು. ಯುದ್ಧಕಾಲದಲ್ಲಿ ಹಾಗಾಗಲಿಲ್ಲ. ಗಂಡಸರ ಲೀಗ್ ಪಂದ್ಯಗಳು 1915ರಲ್ಲಿ ನಿಂತುಹೋಗಿದ್ದವು; ಜನಕ್ಕೆ ಆಟ ಬೇಕಾಗಿತ್ತು; ಗಾಯಗೊಂಡ ಸೈನಿಕರ ಆಸ್ಪತ್ರೆಗಳಿಗೆ ಹಣ ಬೇಕಾಗಿತ್ತು.

1917ರ ಅಕ್ಟೋಬರಿನಲ್ಲಿ ಡಿಕ್ ಕೆರ್ ಕಾರ್ಖಾನೆಯ ಹೆಂಗಸರು ಅಲ್ಲಿನ ಗಂಡಸರ ಜತೆ ಪಂದ್ಯ ಕಟ್ಟಿ ಗೆದ್ದರಂತೆ. ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ಆಲ್ಫ್ರೆಡ್ ಫ್ರಾಂಕ್ಲೆಂಡ್ ಎಂಬಾತನಿಗೆ ಇವರ ಆಟದಲ್ಲಿ ಹುರುಳಿದೆ ಅನ್ನಿಸಿತು. ಆತ ವ್ಯವಸ್ಥಾಪಕನಾದ. ಆ ವರ್ಷದ ಕ್ರಿಸ್‌ಮಸ್ ದಿನ, ಪ್ರೆಸ್ಟನ್ ನಾರ್ತ್ ಎಂಡ್ ತಂಡದ ಡೀಪ್‌ಡೇಲ್ ಮೈದಾನದಲ್ಲೇ, ಕೋಲ್ಟ್‌ಹಾರ್ಡ್ ಎಂಬ ಎರಕದ ಕಾರ್ಖಾನೆಯ ಹೆಂಗಸರ ವಿರುದ್ಧ ಪಂದ್ಯ ನಡೆಯಿತು. ನೋಡಲು ಬಂದವರು ಸುಮಾರು 10,000 ಜನ. ಡಿಕ್ ಕೆರ್ ತಂಡ 4–0 ಗೋಲುಗಳಿಂದ ಗೆದ್ದಿತು. ಸೈನಿಕರ ಆಸ್ಪತ್ರೆಗೆ ಸುಮಾರು 200 ಪೌಂಡು ಕೂಡಿತು.

1918ರಲ್ಲಿ ಯುದ್ಧ ಮುಗಿಯಿತು. ಗಂಡಸರು ಮರಳಿದರು, ಹೆಂಗಸರು ಯಂತ್ರ ಬಿಟ್ಟು ಮನೆಗೆ ನಡೆಯಬೇಕೆಂಬುದು ಎಲ್ಲರ ನಿರೀಕ್ಷೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಕಾರ್ಖಾನೆಯ ತಂಡಗಳಲ್ಲಿ ಹಲವು ಕಾರ್ಖಾನೆಯ ಕೆಲಸದ ಜತೆಗೇ ಮುಗಿದವು. ಪ್ರೆಸ್ಟನ್ನಿನ ತಂಡ ಮಾತ್ರ ಮುಗಿಯಲಿಲ್ಲ, ಬೆಳೆಯಿತು. ಬೇರೆ ಊರುಗಳ ಒಳ್ಳೆಯ ಆಟಗಾರ್ತಿಯರನ್ನು ಫ್ರಾಂಕ್ಲೆಂಡ್ ಹುಡುಕಿ ತಂದ. ಅವರಲ್ಲೊಬ್ಬಳು ಸೇಂಟ್ ಹೆಲೆನ್ಸ್ ಊರಿನ ಲಿಲಿ ಪಾರ್. 1905ರಲ್ಲಿ ಹುಟ್ಟಿದ ಈಕೆ ಅಣ್ಣತಮ್ಮಂದಿರ ಜತೆ ಬಯಲಿನಲ್ಲಿ ಚೆಂಡು ಒದೆಯುತ್ತ ಬೆಳೆದವಳು. ತಂಡ ಸೇರಿದಾಗ ಹದಿನೈದರ ಆಸುಪಾಸಿನ ಹುಡುಗಿ. ಸುಮಾರು ಆರಡಿ ಎತ್ತರ, ಎಡಗಾಲಿನಲ್ಲಿ ಫಿರಂಗಿಯ ಬಲ. ಎಡಬದಿಯಿಂದ ನುಗ್ಗಿ ಬಂದಳೆಂದರೆ ಗೋಲಿ ಕಂಗೆಡಬೇಕು.

1920 ಈ ತಂಡದ ಬೆಳಕಿನ ವರ್ಷ. ವಸಂತದಲ್ಲಿ ಆಲಿಸ್ ಮಿಲಿಯಾ ಎಂಬ ಧೀರೆಯ ನಾಯಕತ್ವದಲ್ಲಿ ಫ್ರಾನ್ಸಿನ ಹೆಂಗಸರ ತಂಡ ಇಂಗ್ಲೆಂಡಿಗೆ ಬಂತು. ಡೀಪ್‌ಡೇಲಿನ ಮೊದಲ ಪಂದ್ಯಕ್ಕೆ 25,000 ಜನ ಸೇರಿದರು. ಕೆಲವು ತಿಂಗಳ ನಂತರ ಪ್ರೆಸ್ಟನ್ನಿನ ಹುಡುಗಿಯರು ಫ್ರಾನ್ಸಿಗೆ ಹೋಗಿ ಆಡಿ ಬಂದರು. ಕಾರ್ಖಾನೆಯ ಆಚೆಗೆ ಜಗತ್ತನ್ನೇ ಕಾಣದ ಹುಡುಗಿಯರಿಗೆ ಇದೇನು ಸಣ್ಣ ಮಾತೆ? ಡಿಸೆಂಬರಿನಲ್ಲಿ ಡೀಪ್‌ಡೇಲಿನಲ್ಲೇ ರಾತ್ರಿ ಪಂದ್ಯವೊಂದು ನಡೆಯಿತು. ಹೊನಲು ಬೆಳಕಿನ ಮೈದಾನಗಳು ಇನ್ನೂ ಇಲ್ಲದ ಕಾಲ. ಶತ್ರು ವಿಮಾನಗಳನ್ನು ಹುಡುಕಲು ಬಳಸುತ್ತಿದ್ದ ಎರಡು ಸರ್ಚ್‌ಲೈಟುಗಳನ್ನು ಯುದ್ಧ ಇಲಾಖೆಯಿಂದ ಎರವಲು ತಂದರು. ಆಗ ಆ ಇಲಾಖೆಯ ಸಚಿವ ವಿನ್ಸ್ಟನ್ ಚರ್ಚಿಲ್. ಕತ್ತಲಲ್ಲಿ ಕಾಣಲೆಂದು ಚೆಂಡಿಗೆ ಮತ್ತೆ ಮತ್ತೆ ಬಿಳಿ ಬಳಿದರು. ನಿರುದ್ಯೋಗಿಗಳಾಗಿದ್ದ ಮಾಜಿ ಸೈನಿಕರ ನೆರವಿಗಾಗಿ ನಡೆದ ಆ ಪಂದ್ಯವನ್ನು 12,000 ಜನ ನೋಡಿದರು.

ಅದಾದ ಹತ್ತೇ ದಿನಕ್ಕೆ, 1920ರ ಡಿಸೆಂಬರ್ 26ರಂದು, ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ ಸೇಂಟ್ ಹೆಲೆನ್ಸ್ ತಂಡದ ಎದುರು ಪಂದ್ಯ. ಅದು ಎವರ್ಟನ್ ಕ್ಲಬ್ಬಿನ ಮೈದಾನ. ಒಳಗೆ 53,000 ಜನ. ಜಾಗ ಸಾಲದೆ ಹೊರಗಿನಿಂದಲೇ ಹಿಂತಿರುಗಿದವರು ಇನ್ನೂ ಸಾವಿರಾರು. ಮುಂಚೂಣಿಯ ಆಟಗಾರ್ತಿ ಫ್ಲಾರಿ ರೆಡ್‌ಫರ್ಡ್ ರೈಲು ತಪ್ಪಿಸಿಕೊಂಡು ಬರಲಾಗಲಿಲ್ಲ. ಹಿಂದೆ ನಿಂತು ಆಡುತ್ತಿದ್ದ ನಾಯಕಿ ಆಲಿಸ್ ಕೆಲ್ ದ್ವಿತೀಯಾರ್ಧದಲ್ಲಿ ತಾನೇ ಮುಂದೆ ಬಂದು ಮೂರು ಗೋಲು ಹೊಡೆದಳು. ಪಂದ್ಯ 4–0. ಕೂಡಿದ ಹಣ 3,000 ಪೌಂಡಿಗೂ ಹೆಚ್ಚು. ಇಂಗ್ಲೆಂಡಿನಲ್ಲಿ ಹೆಣ್ಣುಮಕ್ಕಳ ಕ್ಲಬ್ ಪಂದ್ಯವೊಂದಕ್ಕೆ ಇದಕ್ಕಿಂತ ಹೆಚ್ಚು ಜನ ಸೇರಿದ್ದು ನೂರು ವರ್ಷ ದಾಟಿದ ಮೇಲೆ, 2023ರಲ್ಲಿ.

1921ರಲ್ಲಿ ಡಿಕ್ ಕೆರ್ ಲೇಡೀಸ್ 67 ಪಂದ್ಯ ಆಡಿತು. ಹಗಲು ಕೆಲಸ, ವಾರದ ಕೊನೆಗೆ ಪ್ರಯಾಣ, ಆಟ, ಮತ್ತೆ ಕೆಲಸ. ದೇಶದಲ್ಲಿ ಹೆಂಗಸರ ತಂಡಗಳ ಸಂಖ್ಯೆ ಸುಮಾರು 150 ಆಗಿತ್ತು. ಇಷ್ಟಾದ ಮೇಲೆ ಆಟ ಬೇರೂರಿತು ಎಂದುಕೊಳ್ಳುವುದು ಸಹಜ. ಆದದ್ದು ಬೇರೆ.

1921ರ ಡಿಸೆಂಬರ್ 5ರಂದು ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ಒಂದು ನಿರ್ಣಯ ಮಾಡಿತು. ಫುಟ್‌ಬಾಲ್ ಹೆಂಗಸರಿಗೆ ತಕ್ಕ ಆಟವಲ್ಲ, ಅದಕ್ಕೆ ಉತ್ತೇಜನ ಕೊಡಬಾರದು. ಸಂಗ್ರಹವಾದ ಹಣದಲ್ಲಿ ಖರ್ಚಿಗೆ ಹೋಗುವ ಪಾಲು ಹೆಚ್ಚು, ಧರ್ಮಕಾರ್ಯಕ್ಕೆ ಸಲ್ಲುವುದು ಸಾಲದು. ಆದ್ದರಿಂದ ಅಸೋಸಿಯೇಷನ್ನಿಗೆ ಸೇರಿದ ಯಾವ ಕ್ಲಬ್ಬೂ ಇಂಥ ಪಂದ್ಯಗಳಿಗೆ ಮೈದಾನ ಕೊಡಕೂಡದು. ಇದು ನಿರ್ಣಯದ ತಾತ್ಪರ್ಯ.

ಈಗ ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಹೆಂಗಸರು ಆಡಬಾರದೆಂದು ಕಾನೂನು ಬರಲಿಲ್ಲ. ಯಾರನ್ನೂ ಹಿಡಿದು ಶಿಕ್ಷಿಸಲಿಲ್ಲ. ಬೀಗ ಹಾಕಿದ್ದು ಮೈದಾನಕ್ಕೆ ಮಾತ್ರ. ಆದರೆ ಗ್ಯಾಲರಿ, ಬೇಲಿ, ಟಿಕೆಟ್ ಕಿಟಕಿ ಇರುವ ದೊಡ್ಡ ಮೈದಾನಗಳೆಲ್ಲ ಆ ಸಂಸ್ಥೆಯ ಸದಸ್ಯ ಕ್ಲಬ್ಬುಗಳ ಕೈಯಲ್ಲಿದ್ದವು. ಮೈದಾನವಿಲ್ಲದಿದ್ದರೆ ಪ್ರೇಕ್ಷಕರಿಲ್ಲ, ಪ್ರೇಕ್ಷಕರಿಲ್ಲದಿದ್ದರೆ ಹಣವಿಲ್ಲ, ಹಣವಿಲ್ಲದಿದ್ದರೆ ದೂರದ ಊರಿಗೆ ರೈಲಿನ ಖರ್ಚೂ ಹುಟ್ಟದು. ಆಡುವ ಕಾಲನ್ನು ಕಟ್ಟಬೇಕಾಗಿಯೇ ಇರಲಿಲ್ಲ, ಕಾಲ ಕೆಳಗಿನ ನೆಲವನ್ನು ಎಳೆದುಕೊಂಡರೆ ಸಾಕಾಗಿತ್ತು.

ಹಣದ ಆಕ್ಷೇಪಕ್ಕೆ ನಾಯಕಿ ಆಲಿಸ್ ಕೆಲ್ ನೇರವಾಗಿಯೇ ಉತ್ತರಿಸಿದಳು. ಕೂಲಿ ಬಿಟ್ಟು ಆಡಲು ಬರುವ ದುಡಿಯುವ ಹುಡುಗಿಯರಿಗೆ ಆ ನಷ್ಟವನ್ನು ತುಂಬಿಕೊಟ್ಟರೆ ತಪ್ಪೇನು, ದಿನಕ್ಕೆ ಹತ್ತು ಶಿಲ್ಲಿಂಗಿಗಿಂತ ಹೆಚ್ಚು ಯಾರಿಗೂ ಸಿಗುವುದಿಲ್ಲ ಎಂಬುದು ಅವಳ ವಾದ. ಉಳ್ಳವರು ಬಿಟ್ಟಿಯಾಗಿ ಆಡಬಲ್ಲರು. ಕೂಲಿಯವರಿಗೆ ಅದು ಸಾಧ್ಯವೇ?

ದೇಹದ ಆಕ್ಷೇಪಕ್ಕೆ ವೈದ್ಯರ ಮಾತಿನ ಬೆಂಬಲವಿತ್ತು. ಹೆಣ್ಣಿನ ಮೈಕಟ್ಟಿಗೆ ಈ ಆಟ ತಡೆಯದು ಎಂದವರಲ್ಲಿ ಲಂಡನ್ನಿನ ಹೆಸರಾಂತ ವೈದ್ಯೆ ಡಾ. ಮೇರಿ ಶಾರ್ಲೀಬ್ ಒಬ್ಬರು. ನಮ್ಮ ದೇಶಕ್ಕೂ ಈಕೆ ಅಪರಿಚಿತರಲ್ಲ. 1875ರಲ್ಲಿ ಮದರಾಸು ಮೆಡಿಕಲ್ ಕಾಲೇಜು ಸೇರಿದ ಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬರು. ಪರದೆಯೊಳಗಿನ ಹೆಂಗಸರಿಗಾಗಿ ಮದರಾಸಿನಲ್ಲಿ ಆಸ್ಪತ್ರೆ ತೆರೆಯಲು ದುಡಿದವರು. ವೈದ್ಯವಿದ್ಯೆಯ ಬಾಗಿಲನ್ನು ತಳ್ಳಿ ಒಳಗೆ ಹೋದ ಮಹಿಳೆಗೇ ಆಟದ ಬಯಲಿನ ಬಾಗಿಲು ಮುಚ್ಚಿರುವುದು ಸರಿ ಎನ್ನಿಸಿತು. ಒಂದು ಕಟ್ಟನ್ನು ಮುರಿದವರಿಗೆ ಎಲ್ಲ ಕಟ್ಟುಗಳೂ ಕಾಣುತ್ತವೆ ಎನ್ನಲಾಗದು.

ಇದರ ಹಿಂದೆ ಬೇರೆ ಕಾರಣವೂ ಇತ್ತೆಂದು ಚರಿತ್ರಕಾರರಲ್ಲಿ ಕೆಲವರು ಹೇಳುತ್ತಾರೆ. 1921ರಲ್ಲಿ ಗಣಿ ಮಾಲೀಕರು ಕಾರ್ಮಿಕರನ್ನು ಹೊರಗಿಟ್ಟು ಗಣಿ ಮುಚ್ಚಿದಾಗ, ಕಾರ್ಮಿಕರ ಹಸಿದ ಕುಟುಂಬಗಳಿಗಾಗಿ ಹೆಂಗಸರ ತಂಡಗಳು ಹಣ ಕೂಡಿಸಿದ್ದವು. ಸೈನಿಕರ ಆಸ್ಪತ್ರೆಗೆ ಕೊಟ್ಟ ಹಣ ದೇಶಸೇವೆ ಎನಿಸಿತ್ತು; ಮುಷ್ಕರದ ಕಾಲದಲ್ಲಿ ಗಣಿಯವನ ಮನೆಗೆ ಕೊಟ್ಟ ಹಣ ರಾಜಕೀಯ ಎನಿಸಿತು. ಯುದ್ಧ ಮುಗಿದು ಗಂಡಸರ ಲೀಗ್ ಮತ್ತೆ ಆರಂಭವಾಗಿದ್ದರಿಂದ ಪ್ರೇಕ್ಷಕರು ಹಂಚಿಹೋಗುವ ಆತಂಕವೂ ಇದ್ದಿರಬಹುದು. ಒಂದಂತೂ ನಿಜ. ಈ ತಂಡಗಳು ಸೋತು ಸೊರಗಿದ್ದಾಗ ನಿಷೇಧ ಬರಲಿಲ್ಲ, ಗೆದ್ದು ಬೆಳೆದಾಗ ಬಂತು.

ಮುಂದೇನಾಯಿತು? ಡಿಕ್ ಕೆರ್ ಹುಡುಗಿಯರು ಆಟ ಬಿಡಲಿಲ್ಲ. 1922ರಲ್ಲಿ ಹಡಗೇರಿ ಅಟ್ಲಾಂಟಿಕ್ ದಾಟಿದರು. ಕೆನಡಾದಲ್ಲಿ ಅಲ್ಲಿನ ಸಂಸ್ಥೆ ಆಡಲು ಬಿಡಲಿಲ್ಲ. ಅಮೆರಿಕದಲ್ಲಿ ಎದುರಾಳಿಗಳಾಗಿ ಸಿಕ್ಕಿದವು ಗಂಡಸರ ತಂಡಗಳು. ಅವುಗಳ ವಿರುದ್ಧ ಒಂಬತ್ತು ಪಂದ್ಯ ಆಡಿ, ಕೆಲವನ್ನು ಗೆದ್ದು, ಕೆಲವನ್ನು ಸೋತು, ತಲೆಯೆತ್ತಿಯೇ ಮರಳಿದರು. 1926ರಲ್ಲಿ ಫ್ರಾಂಕ್ಲೆಂಡನಿಗೂ ಕಂಪನಿಗೂ ಮನಸ್ತಾಪವಾಗಿ ಕಂಪನಿಯ ಆಸರೆ ತಪ್ಪಿತು. ತಂಡ ಪ್ರೆಸ್ಟನ್ ಲೇಡೀಸ್ ಎಂಬ ಹೆಸರಿನಲ್ಲಿ ಮುಂದುವರಿಯಿತು. ಲಿಲಿ ಪಾರ್ ಸೇರಿದಂತೆ ಹಲವರು ಹತ್ತಿರದ ವಿಟಿಂಗ್‌ಹ್ಯಾಮ್ ಮಾನಸಿಕ ಆಸ್ಪತ್ರೆಯಲ್ಲಿ ದಾದಿಯರಾಗಿ ದುಡಿಯುತ್ತ, ಸಿಕ್ಕ ಬಯಲಿನಲ್ಲಿ, ಉದ್ಯಾನದಲ್ಲಿ, ರಗ್ಬಿ ಮೈದಾನದಲ್ಲಿ ಆಡಿದರು. ಲಿಲಿ ಆಡಿದ್ದು 1951ರವರೆಗೆ, ಮೂವತ್ತು ವರ್ಷಕ್ಕೂ ಹೆಚ್ಚು. ಹೊಡೆದ ಗೋಲುಗಳು ಸಾವಿರದ ಹತ್ತಿರ ಎಂಬ ಲೆಕ್ಕವಿದೆ. 1957ರಲ್ಲಿ ಫ್ರಾಂಕ್ಲೆಂಡ್ ತೀರಿಕೊಂಡ. 1965ರಲ್ಲಿ ಆಡುವವರು ಸಾಲದೆ ತಂಡವೇ ಮುಚ್ಚಿತು. ಆಡಿದ ಎಂಟುನೂರು ಚಿಲ್ಲರೆ ಪಂದ್ಯಗಳಲ್ಲಿ ಗೆದ್ದವು 750ಕ್ಕೂ ಹೆಚ್ಚು.

ಇನ್ನು ಕೆಲವೇ ವರ್ಷ ತಡೆದಿದ್ದರೆ! 1969ರಲ್ಲಿ ಹೆಂಗಸರದೇ ಅಸೋಸಿಯೇಷನ್ ಹುಟ್ಟಿತು. 1970ರ ದಶಕದ ಆರಂಭದಲ್ಲಿ ಹಳೆಯ ನಿಷೇಧ ತೆರವಾಯಿತು. 1972ರ ನವೆಂಬರಿನಲ್ಲಿ ಇಂಗ್ಲೆಂಡಿನ ಮಹಿಳೆಯರು ತಮ್ಮ ಮೊದಲ ಅಧಿಕೃತ ಅಂತರರಾಷ್ಟ್ರೀಯ ಪಂದ್ಯದಲ್ಲಿ ಸ್ಕಾಟ್ಲೆಂಡನ್ನು 3–2ರಿಂದ ಸೋಲಿಸಿದರು. 1978ರಲ್ಲಿ ತೀರಿಕೊಂಡ ಲಿಲಿ ಪಾರ್ ಇಷ್ಟನ್ನು ನೋಡಿದಳು. 2002ರಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಸಂಗ್ರಹಾಲಯದ ಗೌರವ ಪಟ್ಟಿಗೆ ಸೇರಿದ ಮೊದಲ ಮಹಿಳೆ ಎಂಬ ಕೀರ್ತಿ, 2019ರಲ್ಲಿ ಮ್ಯಾಂಚೆಸ್ಟರಿನಲ್ಲಿ ನಿಂತ ಪ್ರತಿಮೆ, ಇವು ಅವಳಿಲ್ಲದ ಕಾಲದಲ್ಲಿ ಬಂದವು. 2022ರಲ್ಲಿ ಯುರೋಪಿನ ಪ್ರಶಸ್ತಿ ಗೆದ್ದ ಇಂಗ್ಲೆಂಡಿನ ತಂಡದ ಅಂತಿಮ ಪಂದ್ಯವನ್ನು ವೆಂಬ್ಲಿಯಲ್ಲಿ 87,192 ಜನ ನೋಡಿದರು.

ಇದನ್ನೆಲ್ಲ ಹೊಸ ಯುಗದ ಉದಯ ಎನ್ನುವುದು ವಾಡಿಕೆ. ಆದರೆ 53,000 ಜನ 1920ರಲ್ಲೇ ಬಂದಿದ್ದರು. ಹೆಣ್ಣುಮಕ್ಕಳ ಆಟ ನೋಡಲು ಜನ ಬರುವುದಿಲ್ಲ ಎಂಬ ಮಾತನ್ನು ಅರ್ಧ ಶತಮಾನ ಹೇಳಿಕೊಂಡು ಬಂದವರು, ಜನ ಬರಲು ಜಾಗವನ್ನೇ ಉಳಿಸಿರಲಿಲ್ಲ. ಆಟಕ್ಕೆ ಪ್ರತಿಭೆ ಬೇಕು, ಶ್ರಮ ಬೇಕು, ನಿಜ. ಅದಕ್ಕಿಂತ ಮೊದಲು ನಿಲ್ಲಲು ನೆಲ ಬೇಕು. 2025ರಲ್ಲಿ ಎವರ್ಟನ್ನಿನ ಗಂಡಸರ ತಂಡ ಹೊಸ ಕ್ರೀಡಾಂಗಣಕ್ಕೆ ಹೋಯಿತು. ಹಳೆಯ ಗುಡಿಸನ್ ಪಾರ್ಕ್ ಎವರ್ಟನ್ನಿನ ಹೆಣ್ಣುಮಕ್ಕಳ ತಂಡದ ಸ್ವಂತ ಮೈದಾನವಾಯಿತು.