ಚಪ್ಪಲಿ ಸವೆದದ್ದು ಯಾರದ್ದು?



ಈ ವಿಚಾರ ಸಂಕಿರಣದ ಆಹ್ವಾನ ಪತ್ರಿಕೆಯಲ್ಲಿ 'ಗ್ರಾಹಕರ ಅನುಭವ' ಎಂದು ಅಚ್ಚಾಗಿದೆ. ನಾನು ಬ್ಯಾಂಕಿನ ಕೌಂಟರಿನ ಹಿಂದೆ ಕೂತ ಮೂವತ್ತೆರಡು ವರ್ಷಗಳಲ್ಲಿ ಈ ಮಾತು ನಮ್ಮ ಬಾಯಲ್ಲಿ ಬಂದದ್ದು ನೆನಪಿಲ್ಲ. ನಮ್ಮಲ್ಲಿದ್ದದ್ದು 'ರಶ್ಶು'. ಜನ ಬಂದರೆ "ಇವತ್ತು ಭಾರಿ ರಶ್ಶು ಮಾರಾಯ್ರೆ" ಎಂದು ಗೊಣಗುತ್ತಿದ್ದೆವು. ಬಾರದಿದ್ದರೆ ಬಿಸಿನೆಸ್ ಇಲ್ಲವೆಂದು ಮ್ಯಾನೇಜರು ಗೊಣಗುತ್ತಿದ್ದರು.

ನನ್ನ ನಿವೃತ್ತಿಗೆ ಒಂದು ವರ್ಷ ಬಾಕಿ ಇದ್ದಾಗಿನ ಸಂಗತಿ. ಶಾಖೆಯ ಹೆಸರು ಬೇಡ. ಪಿಂಚಣಿ ಹಣ ತೆಗೆಯಲು ಒಬ್ಬ ಅಜ್ಜಿ ಬಂದರು. ನಲವತ್ತು ವರ್ಷ ಬೀಡಿ ಕಟ್ಟಿದ ಕೈ. ಹೆಬ್ಬೆರಳಿನ ಗೆರೆಗಳು ಎಲೆಗೂ ನೂಲಿಗೂ ಸಂದುಹೋಗಿದ್ದವು. ಯಂತ್ರದ ಮೇಲೆ ಬೆರಳಿಟ್ಟರೆ ಕೆಂಪು ದೀಪ. ಇನ್ನೊಮ್ಮೆ ಒತ್ತಿಸಿದೆ, ಮತ್ತೆ ಕೆಂಪು. "ಅಜ್ಜಿ, ನಿಮ್ಮ ಹೆಬ್ಬೆಟ್ಟು ಬರ್ತಾ ಇಲ್ಲ, ಆಧಾರ್ ಅಪ್‌ಡೇಟ್ ಮಾಡಿಸಿಕೊಂಡು ಬನ್ನಿ" ಎಂದೆ. ನಾಲ್ಕು ದಿನ ಬಿಟ್ಟು ಬಂದರು: ಆಧಾರ್ ಕೇಂದ್ರದಲ್ಲಿ ಟೋಕನ್ ಸಿಕ್ಕಿಲ್ಲ. ಮತ್ತೆ ಹೆಬ್ಬೆಟ್ಟು, ಮತ್ತೆ ಕೆಂಪು. ಮೂರನೆಯ ಸಲ ಬಂದಾಗ ನಾನು ಊಟಕ್ಕೆ ಎದ್ದಿದ್ದೆ; ಆಗಷ್ಟೇ ಕೆಲಸಕ್ಕೆ ಸೇರಿದ್ದ ಹುಡುಗಿ ಕೂತಿದ್ದಳು. ಆಕೆ ಅಜ್ಜಿಯ ಕೈ ಹಿಡಿದು, ಅವರದೇ ಸೆರಗಿನಲ್ಲಿ ಬೆವರು ಒರೆಸಿ, ಉಂಗುರದ ಬೆರಳನ್ನು ಯಂತ್ರದ ಮೇಲಿಟ್ಟಳು. ಹಸಿರು ದೀಪ.

ಯಂತ್ರಕ್ಕೆ ಹತ್ತರಲ್ಲಿ ಯಾವ ಬೆರಳಾದರೂ ನಡೆಯುತ್ತಿತ್ತು. ಹೆಬ್ಬೆಟ್ಟೇ ಬೇಕೆಂದು ಕೂತದ್ದು ನಾನು.

ಆ ಮೂರು ಓಡಾಟ, ಆರು ಸಲದ ಬಸ್ಸು, ಅಷ್ಟು ದಿನ ಕಟ್ಟದೆ ಉಳಿದ ಬೀಡಿ ಯಾವ ದಾಖಲೆಯಲ್ಲೂ ಇಲ್ಲ. ಕಂಪ್ಯೂಟರಿನಲ್ಲಿ ಕೊನೆಗೆ ಉಳಿದದ್ದು 'ವ್ಯವಹಾರ ಯಶಸ್ವಿ' ಎಂಬ ಒಂದೇ ಸಾಲು. ಈ ವಿಚಾರ ಸಂಕಿರಣದ ಮುಂದೆ ನಾನು ಇಡಬೇಕೆಂದಿರುವುದು ಇಷ್ಟೇ: ನಗುಮುಖ, ಎ.ಸಿ., ಸೋಫಾ ಎಲ್ಲ ಆಮೇಲೆ. ಒಂದು ಕೆಲಸಕ್ಕೆ ಗ್ರಾಹಕ ಎಷ್ಟು ಸಲ ಬರಬೇಕಾಯಿತು ಎಂಬುದನ್ನು ಮೊದಲು ಲೆಕ್ಕಕ್ಕೆ ಹಿಡಿಯಿರಿ.

ಕರಾವಳಿಯ ನಮಗೆ ಇದು ಹೊಸ ಲೆಕ್ಕವೇನಲ್ಲ. 1925ರಲ್ಲಿ, ಕೈಮಗ್ಗದ ನೇಕಾರರು ಕಷ್ಟಕ್ಕೆ ಸಿಕ್ಕಿದ್ದ ಕಾಲದಲ್ಲಿ, ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವರು ಉಡುಪಿಯಲ್ಲಿ 8000 ರೂಪಾಯಿ ಬಂಡವಾಳ ಹಾಕಿ ಆರಂಭಿಸಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅದು ಪಿಗ್ಮಿ ಠೇವಣಿ ತಂದಿತು. ದಿನಕ್ಕೆ ಎರಡಾಣೆ ಸಾಕಿತ್ತು. ಅದನ್ನೂ ಗ್ರಾಹಕ ತಂದು ಕಟ್ಟಬೇಕಿರಲಿಲ್ಲ, ಏಜೆಂಟರೇ ಮನೆ ಬಾಗಿಲಿಗೆ, ಅಂಗಡಿ ಕಟ್ಟೆಗೆ ಬರುತ್ತಿದ್ದರು. ಎರಡಾಣೆ ಹಿಡಿದು ಬ್ಯಾಂಕಿನ ಮೆಟ್ಟಿಲು ಹತ್ತುವ ಸಂಕೋಚವೂ ಅಲ್ಲಿಗೆ ತಪ್ಪಿತು. ಹಾಗೆಂದು ಅದನ್ನು ಸ್ವರ್ಗ ಮಾಡಿ ಹೇಳುವುದೂ ಬೇಡ. ಗ್ರಾಹಕರ ಚಪ್ಪಲಿ ಉಳಿದದ್ದು ಏಜೆಂಟರ ಚಪ್ಪಲಿ ಸವೆದದ್ದರಿಂದ. ಕಮಿಷನ್ನಿನ ಮೇಲೆ ಬಿಸಿಲಲ್ಲಿ ಸುತ್ತಿದ ಈ ಜನ ತಾವೂ ಕಾರ್ಮಿಕರೇ ಎಂದು ಸಾಬೀತುಪಡಿಸಲು ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. ಅವರ ಪರ ತೀರ್ಪು ಬಂದದ್ದು 2001ರಲ್ಲಿ. ಗ್ರಾಹಕರ ಸುಖವನ್ನು ಚರ್ಚಿಸುವಾಗ ಆ ಸುಖ ಯಾರ ಬೆನ್ನ ಮೇಲೆ ಕೂತಿದೆ ಎಂದೂ ಇಲ್ಲಿ ಯಾರಾದರೂ ಕೇಳಬೇಕು. ಸಂಜೆ ಏಳಕ್ಕೂ ಲಾಗಿನ್ ಆಗಿಯೇ ಇರುವ ನಮ್ಮ ಕ್ಲರ್ಕುಗಳ ಬಗ್ಗೆ ಪ್ರಬಂಧಗಳ ಪಟ್ಟಿಯಲ್ಲಿ ಒಂದೂ ಕಾಣಲಿಲ್ಲ.

ಸಮಿತಿಗಳಿಗೇನೂ ಕೊರತೆ ಇಲ್ಲ. ಬ್ಯಾಂಕುಗಳ ಗ್ರಾಹಕ ಸೇವೆಯ ಬಗ್ಗೆ ತಲ್ವಾರ್ ಸಮಿತಿ, ಗೊಯ್‌ಪೋರಿಯಾ ಸಮಿತಿ, ದಾಮೋದರನ್ ಸಮಿತಿ ಬಂದು ಹೋದವು. 1995ರಲ್ಲಿ ಗ್ರಾಹಕರ ದೂರು ಕೇಳುವ ಒಂಬುಡ್ಸ್‌ಮನ್ ವ್ಯವಸ್ಥೆಯೂ ಬಂತು. ವಿವರಕ್ಕೆ ಇಳಿಯುವುದಿಲ್ಲ, ಮಧ್ಯಾಹ್ನದ ಗೋಷ್ಠಿಯವರು ಬೇಸರಪಟ್ಟುಕೊಂಡಾರು. ಒಂದು ನಿಯಮವನ್ನು ಮಾತ್ರ ಎತ್ತಿ ಹೇಳುತ್ತೇನೆ. ಎಟಿಎಂನಲ್ಲಿ ನೋಟು ಬರದೆ ಖಾತೆಯಿಂದ ಹಣ ಕಡಿತವಾದರೆ, ಮುಂದಿನ ಐದು ದಿನಗಳೊಳಗೆ ಅದು ಖಾತೆಗೆ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಎಂದು ರಿಸರ್ವ್ ಬ್ಯಾಂಕ್ 2019ರಲ್ಲಿ ಹೇಳಿತು. ಆ ಪರಿಹಾರವನ್ನು ಗ್ರಾಹಕ ದೂರು ಕೊಡಲೆಂದು ಕಾಯದೆ ಬ್ಯಾಂಕೇ ತಾನಾಗಿ ಜಮಾ ಮಾಡಬೇಕು. ತಪ್ಪು ಯಂತ್ರದ್ದಾದರೆ ಓಡಾಟವೂ ಯಂತ್ರ ಇಟ್ಟವರದ್ದೇ. ಎರಡಾಣೆಯ ಪಿಗ್ಮಿಯ ನೆಂಟಸ್ತಿಕೆ ನನಗೆ ಕಾಣುವುದು ಇಲ್ಲಿ. ಈ ನಿಯಮವನ್ನು ಬೋರ್ಡಿನ ಮೇಲೆ ಕನ್ನಡದಲ್ಲಿ, ಕನ್ನಡಕವಿಲ್ಲದೆ ಓದುವಷ್ಟು ದೊಡ್ಡದಾಗಿ ಬರೆದ ಶಾಖೆ ನಿಮ್ಮದಾಗಿದ್ದರೆ ಟೀ ವಿರಾಮದಲ್ಲಿ ನನಗೆ ತಿಳಿಸಿ, ನೋಡಲು ಬರುತ್ತೇನೆ.

ಇನ್ನು ಉದ್ಘಾಟನೆ. ದೀಪ ಹಚ್ಚಿ ಆಯಿತು. ನಿಮ್ಮ ಚೀಲದಲ್ಲಿ ಖಾತೆ ತೆರೆಯುವ ಒಂದು ಅರ್ಜಿ ಇದೆ. ಕೌಂಟರುಗಳಲ್ಲಿ ಕೊಡುವಂಥದ್ದೇ, ಇರುವೆ ಗಾತ್ರದ ಅಕ್ಷರದ್ದು. ಮೊದಲ ಗೋಷ್ಠಿಗೆ ಮುಂಚೆ ಎಲ್ಲರೂ ಅದನ್ನು ತುಂಬಿ ಕೊಡಬೇಕು. ಪೆನ್ನು ಬಾಗಿಲ ಬಳಿಯ ಮೇಜಿನ ಮೇಲಿದೆ. ಒಂದೇ ಇದೆ, ದಾರ ಕಟ್ಟಿದ್ದೇವೆ. ರೀಫಿಲ್ ಬಗ್ಗೆ ನಾನು ಭರವಸೆ ಕೊಡಲಾರೆ.